ಅಡಿಬರಹದ ಅಕ್ಷರವೂ ಅದರ ಬಣ್ಣವೂ

ಜಪಾನಿನಲ್ಲಿ ತಯಾರಾಗುವ ಚಲಿಸುವ ಚಿತ್ರಕಥೆಗಳು ಅನಿಮೆ ಎಂಬ ಹೆಸರಿನಿಂದ ಲೋಕವನ್ನೆಲ್ಲ ಸುತ್ತುತ್ತಿವೆ. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಕುಳಿತು ಕೈಯೊಳಗಿನ ಫೋನಿನಲ್ಲಿ ಅವನ್ನು ನೋಡುವುದು ಇಂದು ಕಷ್ಟವೇನಲ್ಲ. ಮಾತು ಜಪಾನಿಯದು, ಅದು ಅರ್ಥವಾಗುವುದು ತೆರೆಯ ಕೆಳಗಡೆ ಮೂಡಿ ಮಾಯವಾಗುವ ಒಂದೆರಡು ಸಾಲುಗಳ ಬರಹದಿಂದ. ಸಬ್‌ಟೈಟಲ್ ಎನ್ನಿಸಿಕೊಳ್ಳುವ ಈ ಬರಹವನ್ನು ನಾವು ಅಡಿಬರಹವೆಂದು ಕರೆಯೋಣ. ಇದು ಹಳದಿಯಾಗಿದ್ದರೆ ಚೆನ್ನ ಎನ್ನುವವರು ಕೆಲವರು; ಬಿಳಿಯೇ ಸರಿ ಎನ್ನುವವರು ಕೆಲವರು; ಅಕ್ಷರ ದಪ್ಪವಿರಬೇಕು, ತೆಳುವಿರಬೇಕು ಎಂದು ವಾದಿಸುವವರಿಗೂ ಕಡಮೆಯಿಲ್ಲ. ಲೋಕೋ ಭಿನ್ನರುಚಿಃ ಎಂದು ಹೇಳಿ ಸುಮ್ಮನಾಗಬಹುದು. ಆದರೆ ಈ ರುಚಿಯ ಬೇರು ಬಹುಮಟ್ಟಿಗೆ ಕಣ್ಣಿನ ರಚನೆಯಲ್ಲಿಯೂ ಲಿಪಿಯ ಸ್ವರೂಪದಲ್ಲಿಯೂ ಇದೆಯೆಂಬುದನ್ನು ವಿಚಾರಿಸಿ ನೋಡಿದವರು ಒಪ್ಪದೆ ಇರಲಾರರು.

ತೆರೆಯನ್ನು ಕ್ಷಣಕಾಲ ಬಿಟ್ಟು ಕಲ್ಲನ್ನು ನೋಡೋಣ. ಹಂಪೆಯ ವಿರೂಪಾಕ್ಷ ದೇವಾಲಯದಲ್ಲಿ ಕೃಷ್ಣದೇವರಾಯನ ಪಟ್ಟಾಭಿಷೇಕವನ್ನು ಕುರಿತ ಶಾಸನವೊಂದಿದೆ. ಕಾಲ 1510ರ ಸುಮಾರು. ಇಂತಹ ಶಾಸನಗಳಲ್ಲಿ ಅಕ್ಷರವೂ ಅದರ ಹಿನ್ನೆಲೆಯೂ ಒಂದೇ ಕಲ್ಲು, ಒಂದೇ ಬಣ್ಣ. ಆದರೂ ಓದಲು ಬರುವುದು ಹೇಗೆ? ಬಿಸಿಲು ಓರೆಯಾಗಿ ಬಿದ್ದಾಗ ಕೊರೆದ ಗೆರೆಯ ಒಳಗೆ ನೆರಳು ನಿಲ್ಲುತ್ತದೆ. ಆ ನೆರಳೇ ಅಕ್ಷರ. ಬೆಳಕು ನೇರವಾಗಿ ಎದುರಿನಿಂದ ಬಿದ್ದರೆ ಅದೇ ಸಾಲುಗಳು ಕಲ್ಲಿನಲ್ಲಿ ಕರಗಿದಂತೆ ತೋರುತ್ತವೆ. ಶಾಸನತಜ್ಞರು ಪಡಿಯಚ್ಚು ತೆಗೆಯುವುದು ಈ ತೊಂದರೆಯ ಪರಿಹಾರಕ್ಕಾಗಿಯೇ. ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಹೊದಿಸಿ, ಕುಂಚದಿಂದ ಬಡಿದು ಅಕ್ಷರಗಳ ಕುಳಿಯೊಳಗೆ ಇಳಿಸಿ, ಮೇಲೆ ಮಸಿ ತಟ್ಟುತ್ತಾರೆ. ಕುಳಿಯೊಳಕ್ಕೆ ಮಸಿ ಹೋಗದು. ಕಪ್ಪು ನೆಲದ ಮೇಲೆ ಬಿಳಿಯ ಅಕ್ಷರಗಳು ನಿಚ್ಚಳವಾಗಿ ಮೂಡುತ್ತವೆ. ಅಕ್ಷರವನ್ನು ಕಾಣಿಸುವುದು ಬಣ್ಣವಲ್ಲ, ಬೆಳಕಿನ ಅಂತರ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹಳೆಯ ಚಲಚ್ಚಿತ್ರಗಳಲ್ಲಿ ಅಡಿಬರಹವನ್ನು ಮೂಡಿಸುತ್ತಿದ್ದುದೂ ಒಂದು ಬಗೆಯ ಕೊರೆತದಿಂದಲೇ. ರಾಸಾಯನಿಕದಿಂದಲೂ, 1980ರ ದಶಕದ ಕೊನೆಯಿಂದ ಲೇಸರ್ ಕಿರಣದಿಂದಲೂ ಫಿಲ್ಮಿನ ಮೇಲಣ ಚಿತ್ರದ ಪದರವನ್ನು ಅಕ್ಷರದ ಆಕಾರದಲ್ಲಿ ತೆಗೆದುಬಿಡುತ್ತಿದ್ದರು. ಆ ಸಂದಿನಿಂದ ದೀಪದ ಬೆಳಕು ನೇರವಾಗಿ ತೆರೆಗೆ ಬಿದ್ದು ಬಿಳಿಯ ಅಕ್ಷರ ಕಾಣುತ್ತಿತ್ತು. ಕತ್ತಲ ದೃಶ್ಯದಲ್ಲಿ ಇದು ಸೊಗಸು. ಆದರೆ ಹಿಮ ಸುರಿಯುವ ದೃಶ್ಯದಲ್ಲಿ ಅಥವಾ ಪಾತ್ರಧಾರಿ ಬಿಳಿಯ ಅಂಗಿ ತೊಟ್ಟಾಗ ಮಾತುಗಳೆಲ್ಲ ಹಿಮದ ಪಾಲು, ಅಂಗಿಯ ಪಾಲು!

ಹಳದಿಗೆ ಇಷ್ಟು ಮಂದಿ ಭಕ್ತರು ಏಕೆ ಎಂಬುದಕ್ಕೆ ಒಂದು ಲೆಕ್ಕವಿದೆ. ದೂರದರ್ಶನದ ತೆರೆಯಲ್ಲಿ ಎಲ್ಲ ಬಣ್ಣಗಳೂ ಕೆಂಪು, ಹಸಿರು, ನೀಲಿ ಎಂಬ ಮೂರರ ಬೆರಕೆ. ಮೂರೂ ಪೂರ್ಣವಾಗಿ ಬೆಳಗಿದಾಗ ಕಾಣುವ ಬಿಳಿಯ ಪ್ರಕಾಶವನ್ನು 100 ಎಂದಿಟ್ಟುಕೊಂಡರೆ, ನಮ್ಮ ಕಣ್ಣಿಗೆ ಹಸಿರಿನಿಂದ ಬರುವ ಪಾಲು ಸುಮಾರು 72, ಕೆಂಪಿನಿಂದ 21, ನೀಲಿಯಿಂದ ಕೇವಲ 7. ಹಗಲ ಬೆಳಕಿಗೆ ಹೊಂದಿಕೊಂಡ ಕಣ್ಣು 555 ನ್ಯಾನೋಮೀಟರ್ ತರಂಗದೂರದ ಹಳದಿಹಸಿರು ಬೆಳಕಿಗೆ ಅತ್ಯಂತ ಸೂಕ್ಷ್ಮವಾಗಿರುವುದೇ ಇದಕ್ಕೆ ಕಾರಣ. ಕೆಂಪು ಹಸಿರುಗಳು ಕೂಡಿದರೆ ತೆರೆಯ ಹಳದಿ. ಅಂದರೆ ಅದರ ಪ್ರಕಾಶ 93. ಬಿಳಿಗಿಂತ ತುಸುವೇ ಕಡಮೆ. ಆದರೂ ಮೋಡ, ಹಿಮ, ಅಂಗಿಗಳ ಬಿಳಿಯಿಂದ ಬೇರೆಯೆಂದು ಮನಸ್ಸಿಗೆ ಕೂಡಲೇ ಹೊಳೆಯುತ್ತದೆ. ಹೊಸಪೇಟೆ ನಿಲ್ದಾಣದಲ್ಲಿ ರೈಲಿನಿಂದ ಇಳಿಯುವವರು ನೋಡುವ ಹೆಸರುಹಲಗೆಯೂ ಹಳದಿಯೇ. ಅಲ್ಲಿ ಹಳದಿಯ ಮೇಲೆ ಕಪ್ಪಕ್ಷರ, ಇಲ್ಲಿ ಕಪ್ಪಂಚಿನೊಳಗೆ ಹಳದಿಯಕ್ಷರ. ಅಂತರ ಮಾತ್ರ ಒಂದೇ.

ಜಾಲತಾಣಗಳ ಬರಹಕ್ಕಾಗಿ ಅಂಗೀಕೃತವಾಗಿರುವ ಸೂತ್ರದಂತೆ ಕಪ್ಪಿನ ಮೇಲೆ ಬಿಳಿಯ ಅಂತರ 21ಕ್ಕೆ 1, ಹಳದಿಯದು ಸುಮಾರು 19.6ಕ್ಕೆ 1. ಕೆಂಪಿನದು 5ಕ್ಕೆ ಸ್ವಲ್ಪ ಹೆಚ್ಚು; ನೀಲಿಯದು ಎರಡೂವರೆಯೂ ಇಲ್ಲ. ಸಾಧಾರಣ ಗಾತ್ರದ ಅಕ್ಷರಗಳಿಗೆ 4.5 ಆದರೂ ಇರಬೇಕೆಂಬುದು ಆ ಸೂತ್ರದ ನಿಯಮ. ನೀಲಿಗೆ ಇನ್ನೊಂದು ದೋಷವೂ ಉಂಟು. ಅಕ್ಷಿಪಟದಲ್ಲಿ ನೀಲಿಯನ್ನು ಗ್ರಹಿಸುವ ಶಂಕುಕೋಶಗಳು ವಿರಳ. ಸೂಕ್ಷ್ಮ ಗೆರೆಗಳನ್ನು ಓದುವ ನಟ್ಟನಡುವಣ ಚುಕ್ಕೆಯಲ್ಲಿ ಅವು ಇಲ್ಲವೇ ಇಲ್ಲ. ಆದುದರಿಂದ ನೀಲಿಯ ಅಡಿಬರಹವನ್ನು ಮೆಚ್ಚುವವರ ರಸಿಕತೆಯನ್ನು ನಾವು ಗೌರವಿಸಬಹುದು. ಅವರ ಕಣ್ಣು ಮಾತ್ರ ಗೌರವಿಸದು.

ಹಗಲಲ್ಲಿ ಈ ಲೆಕ್ಕ ಇನ್ನಷ್ಟು ಕಠಿಣವಾಗುತ್ತದೆ. ಬೇಸಗೆಯ ಮಧ್ಯಾಹ್ನ, ಬಾಗಿಲು ತೆರೆದ ಮನೆಯಲ್ಲಿ ಟಿ.ವಿ. ನಡೆಯುತ್ತಿದೆಯೆನ್ನೋಣ. ತೆರೆಯ ಬಿಳಿ 300 ಪ್ರಮಾಣದಷ್ಟು ಬೆಳಗುತ್ತದೆ, ಹೊರಗಿನ ಬೆಳಕು ತೆರೆಯ ಮೇಲೆ ಬಿದ್ದು 10 ಪ್ರಮಾಣದಷ್ಟು ಮರಳುತ್ತದೆ ಎಂದು ಊಹಿಸಿರಿ. ಆಗ ಕಪ್ಪು ಕಪ್ಪಾಗಿ ಉಳಿಯದೆ 10 ಆಗುತ್ತದೆ, ಬಿಳಿ 310. ಅಂತರ 31ಕ್ಕೆ ಇಳಿಯಿತು. ನೀಲಿಯಕ್ಷರ 31 ಪ್ರಮಾಣದಷ್ಟು ಬೆಳಗಿ 3ರ ಅಂತರದಲ್ಲಿ ತಡವರಿಸುತ್ತದೆ. ಕತ್ತಲ ಕೋಣೆಯಲ್ಲಿ ಕುಳಿತವರಿಗೆ ಅತಿ ಬಿಳಿಯ ಅಕ್ಷರ ಕಣ್ಣು ಕುಕ್ಕುವುದೂ, ಅವರು ತುಸು ಮಂಕಾದ ಬಿಳಿಯನ್ನೋ ಹಳದಿಯನ್ನೋ ಬಯಸುವುದೂ ಸಹಜವೇ. ಇಬ್ಬರ ರುಚಿಯೂ ಬೇರೆ. ಇಬ್ಬರ ಕೋಣೆಯೂ ಬೇರೆ.

ಬಣ್ಣಕ್ಕಿಂತ ಮುಖ್ಯವಾದುದು ಅಂಚು. ಅನಿಮೆಯ ಚಿತ್ರಗಳಲ್ಲಿ ಒಂದೇ ಬಣ್ಣದ ವಿಶಾಲವಾದ ಹರವುಗಳಿರುತ್ತವೆ. ಕ್ಷಣಕ್ಷಣಕ್ಕೂ ಹಿನ್ನೆಲೆ ಬದಲಾಗುತ್ತದೆ. ಯಾವ ಒಂದು ಬಣ್ಣವೂ ಎಲ್ಲ ಹಿನ್ನೆಲೆಗಳಿಗೂ ಒದಗದು. ಅಕ್ಷರದ ಸುತ್ತ ಕಪ್ಪು ಅಂಚು ಕಟ್ಟಿದರೆ ಅಕ್ಷರವು ತನ್ನ ಹಿನ್ನೆಲೆಯನ್ನು ತಾನೇ ಹೊತ್ತು ತಿರುಗಿದಂತಾಯಿತು. ಮೇಲಾಗಿ, ಸಾಮಾನ್ಯವಾದ ವೀಡಿಯೋಗಳಲ್ಲಿ ಬಣ್ಣದ ವಿವರವನ್ನು ಬೆಳಕಿನ ವಿವರದ ಕಾಲುಭಾಗದಷ್ಟೇ ದಾಖಲಿಸುತ್ತಾರೆ. ಕಣ್ಣಿಗೆ ಬಣ್ಣದ ಸೂಕ್ಷ್ಮಗಳು ಅಷ್ಟಾಗಿ ತಿಳಿಯವೆಂಬ ಧೈರ್ಯ ಅವರದು. ಹೀಗಾಗಿ ಚಿತ್ರದಲ್ಲಿಯೇ ಬೆಸೆದ ಬಣ್ಣದ ಅಕ್ಷರಗಳ ಅಂಚು ಕಲೆಸಿಕೊಳ್ಳುತ್ತದೆ. 1990ರ ದಶಕದಲ್ಲಿ ಅಮೆರಿಕದ ಅನಿಮೆಪ್ರಿಯರು ಅಮಿಗಾ ಕಂಪ್ಯೂಟರಿನ ನೆರವಿನಿಂದ ವೀಡಿಯೋ ಟೇಪುಗಳಿಗೆ ತಾವೇ ಅಡಿಬರಹ ಕೂಡಿಸಿ ಹಂಚುತ್ತಿದ್ದರು. ಟೇಪಿನ ಮಸುಕಿನಲ್ಲಿಯೂ ಕಪ್ಪಂಚಿನ ಹಳದಿಯಕ್ಷರ ತಾಳಿ ನಿಲ್ಲುತ್ತಿತ್ತು. ಹಳದಿಯ ಮೇಲಣ ಇಂದಿನ ಮಮತೆಯಲ್ಲಿ ಆ ಟೇಪುಗಳ ನೆನಪೂ ಸ್ವಲ್ಪ ಬೆರೆತಿರಬೇಕು.

ಇನ್ನು ಅಕ್ಷರದ ಆಕಾರ. ಇಲ್ಲಿ ನಮ್ಮ ಲಿಪಿಯ ಪ್ರಶ್ನೆ ಬೇರೆಯೇ ಆಗಿದೆ. ಜಪಾನಿನ ಯುಗೋ ಸಾಕೋ ಎಂಬವರ ನೇತೃತ್ವದಲ್ಲಿ 1990ರ ದಶಕದ ಆರಂಭದಲ್ಲಿ ಸಿದ್ಧವಾದ ರಾಮಾಯಣದ ಅನಿಮೆ ಚಿತ್ರವು 2025ರ ಜನವರಿಯಲ್ಲಿ ಭಾರತದ ಚಿತ್ರಮಂದಿರಗಳಿಗೆ ಹಿಂದಿ, ತಮಿಳು, ತೆಲುಗು, ಇಂಗ್ಲಿಷ್ ಭಾಷೆಗಳಲ್ಲಿ ಬಂದಿತು. ಹಂಪೆ ಆನೆಗೊಂದಿಗಳ ಬಂಡೆಗಳ ನಡುವೆಯೇ ಕಿಷ್ಕಿಂಧೆಯಿತ್ತೆಂದು ನಂಬಿರುವ ಸೀಮೆಯ ಮಗುವೂ ತನ್ನ ನೆರೆಯ ಬೆಟ್ಟದ ಕಥೆಯನ್ನು ಪರಭಾಷೆಯಲ್ಲಿ ಕೇಳಬೇಕಾಯಿತು. ಅನಿಮೆಗೆ ಕನ್ನಡ ಅಡಿಬರಹ ದೊರೆಯುವುದು ಇಂದಿಗೂ ಅಪರೂಪ. ದೊರೆತಾಗ ಅದನ್ನು ರೋಮನ್ ಲಿಪಿಯ ಅಳತೆಯಲ್ಲಿಯೇ ಕೂರಿಸಿದರೆ ಏನಾಗುತ್ತದೆಂಬುದನ್ನು ನೋಡಬೇಕು.

ಅಲ್ಪಪ್ರಾಣ ಮಹಾಪ್ರಾಣಗಳ ಭೇದವನ್ನು ನಮ್ಮ ಹಲವು ಅಕ್ಷರಗಳಲ್ಲಿ ತೋರಿಸುವುದು ಒಂದು ಪುಟ್ಟ ಗೆರೆ. ಶಾಲೆಯ ಮೇಷ್ಟರು ಹೊಟ್ಟೆ ಸೀಳುವುದೆಂದು ಹೇಳುವುದು ಇದನ್ನೇ. ಅಕ್ಷರ ಬಹಳ ದಪ್ಪವಾದರೆ ಈ ಸೀಳು ಹೊಟ್ಟೆಯೊಳಗೇ ಕರಗುತ್ತದೆ. ಬಹಳ ತೆಳುವಾದರೆ ವೀಡಿಯೋವನ್ನು ಕುಗ್ಗಿಸುವಾಗ ಅಳಿಸಿಹೋಗುತ್ತದೆ. ಕಪ್ಪಂಚು ಒಳಮುಖವಾಗಿ ಬೆಳೆದರೆ ಅಂಚೇ ಅದನ್ನು ನುಂಗುತ್ತದೆ. ಆಗ ಧನವನ್ನು ಕಳೆದುಕೊಂಡ ವರ್ತಕನು ದನವನ್ನು ಕಳೆದುಕೊಳ್ಳುತ್ತಾನೆ. ಇಂಗ್ಲಿಷಿಗೆ ಒಪ್ಪುವ ದಪ್ಪ ಮೊಳೆ ಕನ್ನಡಕ್ಕೆ ಒಪ್ಪದೆ ಇರುವುದು ಈ ಕಾರಣದಿಂದ. ಮಧ್ಯಮ ದಪ್ಪದ, ಅಲಂಕಾರವಿಲ್ಲದ, ಒಳಬಯಲು ವಿಶಾಲವಾಗಿರುವ ಅಕ್ಷರವೇ ನಮಗೆ ಹಿತ.

ಒತ್ತಕ್ಷರಗಳ ಕಥೆ ಇನ್ನೊಂದು. ರಾಷ್ಟ್ರ ಎಂಬ ಮಾತಿನಲ್ಲಿ ಷಕಾರದ ಕೆಳಗೆ ಎರಡು ಒತ್ತುಗಳು ಇಳಿಯುತ್ತವೆ. ರೋಮನ್ ಅಕ್ಷರಕ್ಕೆಂದು ನಿಗದಿಯಾದ ಸಾಲಂತರದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಕುತ್ತದೆ; ಎರಡಕ್ಕೂ ಕಪ್ಪಂಚು ಇದ್ದರೆ ಗಂಟು ಬಿದ್ದಂತೆ ಕಾಣುತ್ತದೆ. ಇದನ್ನು ತಪ್ಪಿಸಲು ಅಕ್ಷರಗಳನ್ನು ಕುಗ್ಗಿಸುವುದು ಅವಿವೇಕ; ಸಾಲಂತರವನ್ನು ಹಿಗ್ಗಿಸಬೇಕು. ಓದುವ ವೇಗವನ್ನು ಕಂಪ್ಯೂಟರಿನ ಸಂಕೇತಗಳನ್ನು ಎಣಿಸಿ ಗೊತ್ತುಮಾಡುವುದೂ ಮೋಸವೇ: ಸ್ತ್ರೀ ಎಂಬುದು ನಮ್ಮ ಕಣ್ಣಿಗೆ ಒಂದು ಅಕ್ಷರ, ಯುನಿಕೋಡಿನಲ್ಲಿ ಆರು ಸಂಕೇತ. ಈ ಆರನ್ನೂ ಕೂಡಿಸಿ ಒಂದಾಗಿ ಬರೆಯಬಲ್ಲ ಹಾರ್ಫ್‌ಬಜ್‌ನಂತಹ ತಂತ್ರಾಂಶ ಪ್ರದರ್ಶಕದಲ್ಲಿ ಇಲ್ಲದಿದ್ದರೆ, ಒತ್ತುಗಳು ಬಿಡಿಬಿಡಿಯಾಗಿ ಚೆದರಿ, ಎಷ್ಟು ಚೆಂದದ ಬಣ್ಣವನ್ನು ಆರಿಸಿದರೂ ಓದು ಮುಂದೆ ಸಾಗದು.

ರುಚಿಗೆ ಅವಕಾಶವಿರುವುದು ಬರಹವು ಚಿತ್ರದಿಂದ ಬೇರೆಯಾಗಿ ಬಂದಾಗ ಮಾತ್ರ. ಚಿತ್ರದೊಳಕ್ಕೇ ಬೆಸೆದ ಬರಹವನ್ನು ಯಾರೂ ಬದಲಾಯಿಸಲಾರರು. ಎಸ್‌ಆರ್‌ಟಿ ಎಂಬ ಸರಳ ಕಡತದಲ್ಲಿ ಮುಖ್ಯವಾಗಿ ಮಾತು, ಕಾಲ ಇವೆರಡೇ ಇರುತ್ತವೆ. ಅಕ್ಷರದ ಮಾದರಿ ಬಹುಮಟ್ಟಿಗೆ ನೋಡುವವರ ಯಂತ್ರಕ್ಕೆ ಸೇರಿದುದು. ಎಎಸ್‌ಎಸ್ ಎಂಬ ಕಡತದಲ್ಲಿ ಮಾದರಿ, ಬಣ್ಣ, ಅಂಚಿನ ದಪ್ಪ, ನೆರಳು, ಸ್ಥಾನ ಎಲ್ಲವನ್ನೂ ಬರೆದಿಡಬಹುದು. ಎಂಕೆವಿ ಎಂಬ ಪೆಟ್ಟಿಗೆಯಲ್ಲಿ ಫಾಂಟನ್ನೇ ಕಟ್ಟಿ ಕಳಿಸಬಹುದು. ಅನಿಮೆಯ ಹಾಡುಗಳಿಗೆ ಬಣ್ಣಬಣ್ಣದ ಅಡಿಬರಹ ರಚಿಸುವವರು ಎಎಸ್‌ಎಸ್‌ನ್ನು ಮೆಚ್ಚುವುದು ನ್ಯಾಯವೇ. ಆದರೆ ಮನೆಯಲ್ಲಿ ಮಂದದೃಷ್ಟಿಯ ಅಜ್ಜಿಯೋ ಕಿವಿ ಕೇಳದ ತಮ್ಮನೋ ಇದ್ದರೆ, ಗಾತ್ರವನ್ನೂ ಅಂಚನ್ನೂ ತಮಗೆ ಬೇಕಾದಂತೆ ಮಾಡಿಕೊಳ್ಳಲು ಬಿಡುವ ಕಡತವೇ ಮೇಲೆಂದು ನಮ್ಮ ಅಭಿಪ್ರಾಯ. ಕಿವಿ ಕೇಳದವರಿಗೆ ಅಡಿಬರಹವು ಸೊಗಸಿನ ವಿಷಯವಲ್ಲ, ಅದೇ ಸಂಭಾಷಣೆ. ಬ್ರಿಟನ್ನಿನ ಬಿ.ಬಿ.ಸಿ.ಯು ಮಾತನಾಡುವವರು ಯಾರೆಂದು ಅವರಿಗೆ ತಿಳಿಯಲೆಂದು ಬಿಳಿ, ಹಳದಿ, ಹಸಿರುನೀಲಿ, ಹಸಿರು ಎಂಬ ನಾಲ್ಕು ಬಣ್ಣಗಳನ್ನು ಬಳಸುತ್ತದೆ. ನಾಲ್ಕೂ ಕಪ್ಪಿನ ಮೇಲೆ ಚೆನ್ನಾಗಿ ಬೆಳಗುವವು. ಭಾರತ ಸರಕಾರದ ವಾರ್ತಾ ಮತ್ತು ಪ್ರಸಾರ ಮಂತ್ರಾಲಯವೂ 2024ರ ಮಾರ್ಚಿಯಲ್ಲಿ, ಶ್ರವಣದೋಷ ಮತ್ತು ದೃಷ್ಟಿದೋಷವುಳ್ಳವರು ಚಿತ್ರಮಂದಿರಗಳಲ್ಲಿ ಚಿತ್ರಗಳನ್ನು ಆಸ್ವಾದಿಸುವಂತಾಗಲೆಂದು ಮಾರ್ಗಸೂಚಿಗಳನ್ನು ಹೊರಡಿಸಿದೆ.

ತಮ್ಮ ಯಂತ್ರದಲ್ಲಿ ಪರೀಕ್ಷೆ ಮಾಡಿ ನೋಡಬೇಕೆನ್ನುವ ವಾಚಕರು ಅಡಿಬರಹದ ಕಡತದಲ್ಲಿ ಧನ, ದನ, ಭಾರ, ಬಾರ, ರಾಷ್ಟ್ರ, ಸ್ತ್ರೀ ಎಂಬ ಮಾತುಗಳನ್ನು ಎರಡು ಸಾಲಾಗಿ ಬರೆದು, ಹಿಮದ ದೃಶ್ಯವೊಂದರ ಮೇಲೆ ಹಗಲಿನಲ್ಲಿ ಓಡಿಸಿ, ಕೋಣೆಯ ಆಚೆಯ ಗೋಡೆಗೆ ಒರಗಿ ಓದಲಿ. ಬಿಳಿಯೋ ಹಳದಿಯೋ ಎಂಬುದನ್ನು ಆಮೇಲೆ ನಿಶ್ಚಯಿಸಬಹುದು.