ಗೀಳು ಕಾಯಿಲೆ: ಮೆದುಳಿನಲ್ಲಿ ಏನಾಗುತ್ತದೆ?

ಬೀಗ ಹಾಕಿದ್ದು ಗೊತ್ತಿದ್ದರೂ ಹತ್ತು ಸಲ ಎಳೆದು ನೋಡುವುದು, ಚರ್ಮ ಒಡೆಯುವವರೆಗೆ ಕೈ ತೊಳೆಯುವುದು ಹಠವಲ್ಲ. ಅದು ಒಸಿಡಿ ಅಥವಾ ಗೀಳು ಕಾಯಿಲೆ ಇರಬಹುದು.

ಕಣ್ಣುಗಳ ಮೇಲಿರುವ ಮೆದುಳಿನ ಮುಂಭಾಗ ‘ಏನೋ ತಪ್ಪಾಗಿದೆ’ ಎಂದು ಎಚ್ಚರಿಸುತ್ತದೆ. ಸಾಮಾನ್ಯವಾಗಿ ಕೆಲಸ ಮುಗಿದೊಡನೆ ಎಚ್ಚರಿಕೆ ಅಡಗುತ್ತದೆ. ಗೀಳಿನಲ್ಲಿ ಈ ಭಾಗಕ್ಕೂ ಒಳಗಿನ ಕಾಡೇಟ್, ಥಲಾಮಸ್‌ಗಳಿಗೂ ನಡುವಿನ ಸಂಪರ್ಕಜಾಲ ಅತಿ ಚುರುಕಾಗಿ, ಅದೇ ಸಂದೇಶ ಸುತ್ತುತ್ತಲೇ ಇರುತ್ತದೆ. ಕಣ್ಣಾರೆ ಕಂಡರೂ ಮನಸ್ಸಿಗೆ ಸಮಾಧಾನವಾಗದು.

ಇದು ಬದಲಾಗಬಲ್ಲದು. ಔಷಧಿಯಿಂದಾಗಲಿ ವರ್ತನಾ ಚಿಕಿತ್ಸೆಯಿಂದಾಗಲಿ ಗುಣ ಕಂಡವರಲ್ಲಿ ಕಾಡೇಟ್‌ನ ಚಟುವಟಿಕೆ ತಗ್ಗಿದ್ದನ್ನು ಅಮೆರಿಕದ ಸಂಶೋಧಕರು 1992ರಲ್ಲೇ ವರದಿ ಮಾಡಿದರು.

ಮನೆಯವರು ಗದರಿಸಬೇಡಿ. ಕೇಳಿದಾಗಲೆಲ್ಲ ‘ಬೀಗ ಹಾಕಿದೆ’ ಎಂದು ಭರವಸೆ ಕೊಡುತ್ತಲೂ ಇರಬೇಡಿ. ಆ ಕ್ಷಣದ ನೆಮ್ಮದಿ ಗೀಳನ್ನೇ ಬಲಪಡಿಸುತ್ತದೆ. ಮನೋವೈದ್ಯರನ್ನು ಕಾಣಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಚಿಕಿತ್ಸಾಲಯವಿದೆ. ಸರ್ಕಾರದ ಉಚಿತ ಸಹಾಯವಾಣಿ ಟೆಲಿ-ಮಾನಸ್: 14416.