ಆ್ಯಪ್ ಪಾಸೋ ಫೇಲೋ, ಹೊಲದ ಬದುವಿನಲ್ಲಿ ನೋಡಿ

ಸರ್ಕಾರದ ಒಂದು ಆ್ಯಪ್ ಬಿಡುಗಡೆ ಆಯ್ತು ಅಂದ್ರೆ ನಮ್ಮ ಸುದ್ದಿಮನೆಗಳಿಗೆ ಮೊದಲು ಬರೋ ಅಂಕಿ ಯಾವುದು ಹೇಳಿ? ಇಷ್ಟು ಜನ ಡೌನ್‌ಲೋಡ್ ಮಾಡಿಕೊಂಡರು ಅನ್ನೋದು. ನಾವೂ ಅದನ್ನೇ ದಪ್ಪಕ್ಷರದಲ್ಲಿ ತೋರಿಸ್ತೀವಿ. ಅವರಲ್ಲಿ ಎಷ್ಟು ಜನ ಕೊನೇ ಬಟನ್ ತನಕ ಹೋದರು, ಯಾವ ಪರದೆಯಲ್ಲಿ ತಡವರಿಸಿ ನಿಂತರು ಅಂತ ಯಾರೂ ಕೇಳಲ್ಲ. ಇವತ್ತು ಅದನ್ನೇ ಕೇಳೋಣ.

ಬೆಳೆ ಸಮೀಕ್ಷೆ ಆ್ಯಪ್ ತಗೊಳ್ಳಿ. 2020ರ ಮುಂಗಾರಿನಲ್ಲಿ ಕರ್ನಾಟಕ ಸರ್ಕಾರ, ರೈತರೇ ತಮ್ಮ ಬೆಳೆಯ ವಿವರ ದಾಖಲಿಸಲಿ ಅಂತ ಮೊಬೈಲ್ ಆ್ಯಪ್ ಕೊಟ್ಟಿತು. ಊರು, ಸರ್ವೆ ನಂಬರ್ ಆರಿಸಬೇಕು. ಜಮೀನಿನಲ್ಲೇ ನಿಂತು ಬೆಳೆ, ವಿಸ್ತೀರ್ಣ ತುಂಬಿ, ಫೋಟೊ ತೆಗೆದು ಕಳಿಸಬೇಕು. ಬೆಳೆ ವಿಮೆ, ಬೆಳೆ ಹಾನಿ ಪರಿಹಾರ, ಬೆಂಬಲ ಬೆಲೆಗೆ ರಾಗಿ ಖರೀದಿ, ಎಲ್ಲಕ್ಕೂ ಈ ಸಮೀಕ್ಷೆಯ ಮಾಹಿತಿಯೇ ಆಧಾರ. ರಾಗಿ ಬೆಳೆದವನ ಹೆಸರಿನ ಮುಂದೆ ಹುರುಳಿ ಅಂತ ಕೂತರೆ, ಮೂಟೆ ಹೇರಿಕೊಂಡು ಹೋಗಿ ಖರೀದಿ ಕೇಂದ್ರದ ಮುಂದೆ ಒದ್ದಾಡೋನು ರೈತ. ಆ್ಯಪ್ ಬರೆದವನಿಗೆ ಅದು ಗೊತ್ತೂ ಆಗಲ್ಲ.

ಹಾಗಾದ್ರೆ ಒಂದು ಆ್ಯಪ್ ಬಳಸೋಕೆ ಸುಲಭವೋ ಕಷ್ಟವೋ ಅಂತ ಅಳೆಯೋದು ಹೇಗೆ? ಇದಕ್ಕೆ ಅಂತರರಾಷ್ಟ್ರೀಯ ಮಾನದಂಡವೇ ಇದೆ. 1998ರಲ್ಲಿ ಬಂದ ಐಎಸ್ಒ 9241ರ 11ನೇ ಭಾಗ ಮೂರು ವಿಷಯ ನೋಡಿ ಅನ್ನುತ್ತೆ: ಕೆಲಸ ಸರಿಯಾಗಿ ಮುಗಿಯಿತಾ, ಎಷ್ಟು ಸಮಯ ಮತ್ತು ಶ್ರಮ ಹಿಡಿಯಿತು, ಬಳಸಿದವನಿಗೆ ಸಮಾಧಾನ ಆಯಿತಾ. ಈ ವಿದ್ಯೆಯಲ್ಲಿ ದೊಡ್ಡ ಹೆಸರು ಜೇಕಬ್ ನೀಲ್ಸನ್. ಸಾವಿರಾರು ಜನರ ಸರ್ವೆ ಬೇಡ, ಒಂದೇ ತರಹದ ಐದು ಬಳಕೆದಾರರನ್ನು ಕೂರಿಸಿದರೆ ಸುಮಾರು ಶೇಕಡ 85ರಷ್ಟು ತೊಡಕು ಹೊರಬೀಳುತ್ತೆ ಅಂತ 2000ದಲ್ಲಿ ಅವರು ಲೆಕ್ಕ ಕೊಟ್ಟರು. ‘ಒಂದೇ ತರಹದ’ ಅನ್ನೋ ಮಾತು ಮರೀಬೇಡಿ. ಬೇಸಾಯ ಬೇರೆ ಆದರೆ ಬಳಕೆದಾರನೂ ಬೇರೆ.

ಅದಕ್ಕೇ ನಾನು ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕು ಆರಿಸ್ತೀನಿ. ಶ್ರೀರಂಗಪಟ್ಟಣ ನಾಲೆ ನೀರಿನ ಸೀಮೆ, ಕಬ್ಬು ಭತ್ತದ ಊರು. ನಾಟಿ ದಿನಾಂಕ ಅಂತ ಕೇಳಿದ್ರೆ ಕೂಳೆ ಕಬ್ಬಿನವನು ಯಾವ ದಿನ ಹೇಳಬೇಕು? ಮೊದಲು ಬಿತ್ತನೆ ಹಾಕಿದ್ದನ್ನೋ, ಹಿಂದಿನ ಕಟಾವಿನ ದಿನವನ್ನೋ? ಪಾಂಡವಪುರಕ್ಕೆ ಬನ್ನಿ. ಮೇಲುಕೋಟೆ ಬೆಟ್ಟದ ಮಗ್ಗುಲಲ್ಲಿ ಸಿಗ್ನಲ್ ಹೋದರೆ, ತುಂಬಿದ್ದೆಲ್ಲ ಉಳಿಯುತ್ತಾ, ಅಳಿಸಿ ಹೋಗುತ್ತಾ? ಉಳಿದಿದೆ ಅಂತ ಪರದೆ ಕನ್ನಡದಲ್ಲಿ ಹೇಳುತ್ತಾ? ಕೆ.ಆರ್.ಪೇಟೆಯಲ್ಲಿ ಒಬ್ಬ ರೈತನಿಗೆ ಒಂದು ಎಕರೆ ಇಪ್ಪತ್ತು ಗುಂಟೆ ತುಂಬೋಕೆ ಹೇಳಿ. ಎಕರೆಗೆ 40 ಗುಂಟೆ, ಅಂದ್ರೆ ಅದು ಒಂದೂವರೆ ಎಕರೆ. ಒಂದೇ ಡಬ್ಬಿ ಕೊಟ್ಟು 1.20 ಅಂತ ಬರೆಸಿಕೊಂಡು ದಶಮಾಂಶ ಅಂದುಕೊಂಡರೆ ಹನ್ನೆರಡು ಗುಂಟೆ ಮಾಯ! ಎಕರೆಗೊಂದು, ಗುಂಟೆಗೊಂದು ಡಬ್ಬಿ ಇಟ್ಟರೆ ಆ ತಪ್ಪು ಆಗೋದೇ ಇಲ್ಲ. ನಾಗಮಂಗಲದಲ್ಲಿ ರಾಗಿ ಹೊಲಕ್ಕೆ ಹೋಗಿ. ಅಲ್ಲಿ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ ಇರುತ್ತೆ. ಒಂದೇ ಬೆಳೆ ಆರಿಸಿ ಅಂದರೆ ರೈತ ಯಾವುದನ್ನು ಬಿಡಬೇಕು?

ಇವು ಯಾವುವೂ ಕಚೇರಿಯ ಫ್ಯಾನ್ ಕೆಳಗೆ ಕೂತರೆ ಹೊಳೆಯಲ್ಲ. ನಡು ಮಧ್ಯಾಹ್ನದ ಬಿಸಿಲಲ್ಲಿ ಪರದೆ ಕಾಣುತ್ತಾ ಅನ್ನೋದೂ ಅಷ್ಟೇ. ಹೊಲದಲ್ಲೇ ನಿಲ್ಲಿಸಿ, ಫೋನ್ ಕೈಗೆ ಕೊಟ್ಟು, ಮನಸ್ಸಿಗೆ ಬಂದಿದ್ದನ್ನು ಜೋರಾಗಿ ಹೇಳ್ತಾ ಮಾಡಿ ಅನ್ನಬೇಕು. ಪರೀಕ್ಷೆ ಮಾಡೋನು ಸಹಾಯ ಮಾಡಬಾರದು, ಇದೇ ಕಷ್ಟದ ಕೆಲಸ. ಎಲ್ಲಿ ತಪ್ಪು ಬಟನ್ ಒತ್ತಿದ, ಎಲ್ಲಿ ಹಿಂದಕ್ಕೆ ಬಂದ, ಎಷ್ಟು ನಿಮಿಷ ಆಯ್ತು, ಬರೆದುಕೊಳ್ಳಬೇಕು. ಮಗನನ್ನು ಕರೆದು ಫೋನ್ ಕೊಟ್ಟನಾ? ಅದನ್ನೂ ಬರೀಬೇಕು, ಯಾಕಂದ್ರೆ ಅಪ್ಪನ ಮಟ್ಟಿಗೆ ಆ್ಯಪ್ ಅಲ್ಲಿಗೆ ಮುಗಿಯಿತು.

ಹೇಗಿದೆ ಯಜಮಾನರೇ ಅಂತ ಕೇಳಿದ್ರೆ, ‘ಚೆನ್ನಾಗೈತೆ ಬುಡಿ ಸಾ’ ಅಂತಾರೆ. ನಮ್ಮ ಜನ ಮನೆ ಬಾಗಿಲಿಗೆ ಬಂದವರ ಮನಸ್ಸು ನೋಯಿಸಲ್ಲ. ಅದಕ್ಕೇ ಬಾಯಿಮಾತಿಗಿಂತ ಹೆಚ್ಚಾಗಿ ಬೆರಳು ಎಲ್ಲಿ ನಿಂತಿತು ಅಂತ ನೋಡಬೇಕು.

ತಾಲ್ಲೂಕಿಗೆ ಐದು ಜನ, ನಾಲ್ಕು ತಾಲ್ಲೂಕಿಗೆ ಇಪ್ಪತ್ತು ಜನ. ಕೆಲವೇ ದಿನದ ಕೆಲಸ. ಮುಂಗಾರು ಶುರುವಾಗೋ ಮುಂಚೆ ಇದನ್ನು ಮಾಡಿ, ಯಾವ ಯಾವ ಪರದೆ ಬದಲಾಯಿಸಿದೆವು ಅಂತ ಜನರ ಮುಂದಿಡಲಿ. ಮುಂದಿನ ಸಲ ಮಂತ್ರಿಗಳು ವೇದಿಕೆ ಮೇಲೆ ಆ್ಯಪ್ ಬಿಡುಗಡೆ ಮಾಡಿದಾಗ ನೀವೂ ಕೇಳಿ, ನಾವೂ ಕೇಳ್ತೀವಿ: ಬಿಡುಗಡೆಗೆ ಮುಂಚೆ ಇದನ್ನು ಯಾರ ಕೈಗೆ ಕೊಟ್ಟು ನೋಡಿದ್ರಿ ಸ್ವಾಮಿ?