ಹೇಮಂತದಲ್ಲಿ ಕಪ್ಪತಗುಡ್ಡ

ನಮ್ಮ ಸವಣೂರ ಸೀಮೆಯ ಮಕ್ಕಳು ಹಿಮವನ್ನು ಚಿತ್ರದಲ್ಲಿ ಕಂಡಿರುವರೇ ಹೊರತು ಕಾಲಿನಿಂದ ಮೆಟ್ಟಿದವರಲ್ಲ. ಅವರು ಹಿಮಾಲಯವೆಂಬ ಶಬ್ದವನ್ನು ಬಾಯಿಪಾಠ ಮಾಡುತ್ತಾರೆ. ಅದು ಹಿಮಕ್ಕೆ ಆಲಯ ಎಂದು ಸಮಾಸವನ್ನೂ ಬಿಡಿಸುತ್ತಾರೆ. ಆದರೆ ಆ ಹಿಮವು ಹೇಗಿರುವದೆಂದು ಕೇಳಿದರೆ, ಹಿಂಜಿದ ಅರಳೆಯಂತೆಂದು ಒಬ್ಬನು, ಉಪ್ಪಿನ ರಾಶಿಯಂತೆಂದು ಇನ್ನೊಬ್ಬನು ಹೇಳುವನು. ತಮ್ಮ ಹೊಲದ ಬದುವಿನ ಮೇಲೆ ಪ್ರತಿ ಮಾಗಿಯಲ್ಲಿಯೂ ಬೀಳುವ ವಸ್ತುವೂ ಅದೇ ಹೆಸರಿನದೆಂಬುದು ಅವರಲ್ಲಿ ಯಾರಿಗೂ ತೋಚುವದಿಲ್ಲ.

ಸಂಸ್ಕೃತ ಕೋಶವನ್ನು ತೆರೆದು ನೋಡಿದವರಿಗೆ ಈ ಮಾತು ಹೊಸದಲ್ಲ. ಅಮರಸಿಂಹನು ಅವಶ್ಯಾಯ, ನೀಹಾರ, ತುಷಾರ, ತುಹಿನ, ಹಿಮ, ಪ್ರಾಲೇಯ, ಮಿಹಿಕಾ ಎಂದು ಏಳು ಹೆಸರುಗಳನ್ನು ಒಂದೇ ಸಾಲಿನಲ್ಲಿ ಕೂಡ್ರಿಸಿರುವನು. ಹುಲ್ಲಿನ ತುದಿಯ ಇಬ್ಬನಿ, ದಾರಿಯನ್ನು ಮುಚ್ಚುವ ಮಂಜು, ಗಿರಿಶಿಖರದ ಗಡ್ಡೆ, ಇವೆಲ್ಲವೂ ಆ ಹೆಸರುಗಳೊಳಗೆ ಸೇರುವವು. ರಾಶಿಯಾಗಿ ಬಿದ್ದದ್ದಕ್ಕೆ ಮಾತ್ರ ಹಿಮಾನೀ ಎಂದು ಬೇರೆ ಹೆಸರಿಟ್ಟಿರುವನು. ಹೇಮಂತವೆಂಬ ಋತುನಾಮವೂ ಹಿಮಶಬ್ದದಿಂದಲೇ ಹುಟ್ಟಿತು. ವೇದಕಾಲದ ಜನರು ತಮ್ಮ ಆಯುಷ್ಯವನ್ನು ನೂರು ಹಿಮಗಳೆಂದು ಎಣಿಸುತ್ತಿದ್ದರು. ನಾವು ನೂರು ವರ್ಷಗಳೆನ್ನುತ್ತೇವೆ. ವರ್ಷವೆಂದರೆ ಮಳೆ. ಚಳಿಯ ನಾಡಿನವರು ಚಳಿಯಿಂದಲೂ, ಮಳೆಯ ಹಾದಿಯನ್ನು ಕಾಯುವ ನಾಡಿನವರು ಮಳೆಯಿಂದಲೂ ಬಾಳನ್ನು ಅಳೆದದ್ದು ಸಹಜವೇ ಆಗಿದೆ.

ನಮ್ಮಲ್ಲಿ ಹಿಮಾನಿಯೇಕೆ ಬೀಳಲೊಲ್ಲದು? ಸವಣೂರು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು ೧೫ ಅಂಶಗಳ ಮೇಲಿದೆ. ಮೇಲೇರಿದಂತೆ ಗಾಳಿಯು ತಣ್ಣಗಾಗುವದು. ಸಾವಿರ ಮೀಟರು ಏರಿದರೆ ಸಾಮಾನ್ಯವಾಗಿ ಆರೇಳು ಅಂಶಗಳಷ್ಟು ಶಾಖವು ಇಳಿಯುವದು. ನಮ್ಮ ಅಕ್ಷಾಂಶದಲ್ಲಿ ನೀರು ಹೆಪ್ಪುಗಟ್ಟುವಷ್ಟು ತಣ್ಣನೆಯ ಗಾಳಿಯನ್ನು ಮುಟ್ಟಬೇಕಾದರೆ ನಾಲ್ಕೈದು ಸಾವಿರ ಮೀಟರಾದರೂ ಏರಬೇಕು. ಕರ್ನಾಟಕದಲ್ಲೆಲ್ಲ ಎತ್ತರವಾದ ಮುಳ್ಳಯ್ಯನಗಿರಿಯ ಎತ್ತರವಾದರೋ ಸುಮಾರು ೧,೯೩೦ ಮೀಟರು. ಆಫ್ರಿಕಾ ಖಂಡದ ಕಿಲಿಮಂಜಾರೋ ಪರ್ವತವು ಭೂಮಧ್ಯರೇಖೆಯ ಮಗ್ಗುಲಲ್ಲಿದ್ದರೂ ೫,೮೯೫ ಮೀಟರು ಎತ್ತರವಿರುವದರಿಂದ ನೆತ್ತಿಯ ಮೇಲೆ ಹಿಮವನ್ನು ಧರಿಸಿದೆ. ಅದೂ ಅಲ್ಲದೆ ನಮ್ಮಲ್ಲಿ ಚಳಿಯು ಬಲಿತ ಕಾಲಕ್ಕೆ ಆಕಾಶದಲ್ಲಿ ಮೋಡವಿರುವದಿಲ್ಲ. ಆದುದರಿಂದ ನಮ್ಮ ಪಾಲಿಗೆ ಬಂದದ್ದು ಇಬ್ಬನಿ ಮತ್ತು ಮಂಜು.

ಇದನ್ನು ಕೊರತೆಯೆಂದು ಭಾವಿಸಬೇಕಾದ ಕಾರಣವಿಲ್ಲ. ಹಿಮದ ಮೇಲೆ ನಡೆಯಬೇಕೆಂದು ಕುಲು, ಕಾಶ್ಮೀರಗಳಿಗೆ ಸಾವಿರಾರು ರೂಪಾಯಿ ವೆಚ್ಚಮಾಡಿ ಹೋಗುವವರು ನಮ್ಮ ಊರಿನಲ್ಲಿಯೂ ಈಗ ಇದ್ದಾರೆ, ಹೋಗಲಿ, ಒಳ್ಳೆಯದು. ಆದರೆ ಬೆಳಗಿನ ಜಾವಕ್ಕೆ ಮನೆಯನ್ನು ಬಿಟ್ಟು ಸಂಜೆಯ ದೀಪಕ್ಕೆ ಮನೆಗೆ ಮರಳುವಷ್ಟು ಹತ್ತಿರದಲ್ಲಿ, ಹೇಮಂತದ ಬೆಡಗನ್ನೆಲ್ಲ ತೋರಿಸುವ ಗುಡ್ಡವೊಂದು ನಮಗೂ ಉಂಟು. ಅದೇ ಗದಗ ಜಿಲ್ಲೆಯ ಕಪ್ಪತಗುಡ್ಡ. ಎಪ್ಪತ್ತು ಗಿರಿಗಳನ್ನು ನೋಡುವದಕ್ಕಿಂತ ಕಪ್ಪತಗಿರಿಯೊಂದನ್ನು ನೋಡುವದು ಮೇಲೆಂದು ನಮ್ಮ ಕಡೆಯ ಹಿರಿಯರು ಆಡಿಕೊಳ್ಳುವರು.

ಸವಣೂರಿನಿಂದ ಲಕ್ಷ್ಮೇಶ್ವರ, ಶಿರಹಟ್ಟಿಗಳ ಮಾರ್ಗವಾಗಿ ಅಲ್ಲಿಗೆ ಹೋಗಬೇಕು. ಕಳೆದ ಪುಷ್ಯಮಾಸದಲ್ಲಿ ನಾವು ನಾಲ್ಕೈದು ಮಂದಿ ಬೆಳಕು ಹರಿಯುವದಕ್ಕಿಂತ ಬಹಳ ಮೊದಲೇ ಹೊರಟೆವು. ಹೆಗಲ ಮೇಲೆ ಕಂಬಳಿ, ಚೀಲದಲ್ಲಿ ಸಜ್ಜೆಯ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರುಬುತ್ತಿ. ಊರ ಹೆಸರನ್ನು ಉಳಿಸಲೆಂದು ಒಂದು ಪೊಟ್ಟಣ ಸವಣೂರ ಖಾರ, ಒಂದು ಕಟ್ಟು ಎಲೆ. ದಾರಿಯ ಎರಡೂ ಮಗ್ಗುಲಲ್ಲಿ ಎರೆಯ ಹೊಲಗಳು ಕತ್ತಲೆಯಲ್ಲಿ ಮಲಗಿದ್ದವು. ಗಾಡಿಯ ದೀಪದ ಬೆಳಕು ಬಿದ್ದಲ್ಲೆಲ್ಲ ಹಿಂಗಾರಿಯ ಬಿಳಿಜೋಳದ ಗರಿಗಳು ತೊಯ್ದು ಮಿನುಗುತ್ತಿದ್ದವು.

ಹಿಂಗಾರಿಯ ಬೆಳೆಗೂ ಇಬ್ಬನಿಗೂ ಇರುವ ನಂಟನ್ನು ಒಕ್ಕಲಿಗರು ಚೆನ್ನಾಗಿ ಬಲ್ಲರು. ಮಳೆಯು ಹಿಂದೆಗೆದ ಮೇಲೆ ಬಿತ್ತಿದ ಜೋಳ, ಕಡಲೆ, ಕುಸುಬೆಗಳು ಎರೆಯ ನೆಲವು ಹೊಟ್ಟೆಯಲ್ಲಿಟ್ಟುಕೊಂಡ ಹಸಿಯಿಂದ ಬದುಕುವವು. ರಾತ್ರಿಯ ತಂಪೂ ಎಲೆಯ ಮೇಲಿನ ಹನಿಯೂ ಆ ಹಸಿಯು ಬೇಗನೆ ಆರಿಹೋಗದಂತೆ ನೆರವಾಗುವವು. ಎಳ್ಳಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಭೂತಾಯಿಗೆ ಉಣಬಡಿಸುವದು ಈ ಕಾಲದಲ್ಲಿಯೇ.

ಕಡಲೆಯ ಹುಳಿಯ ಸಂಗತಿಯನ್ನು ಗೃಹಿಣಿಯರಲ್ಲಿ ಹಲವರು ತಮ್ಮ ಅಜ್ಜಿಯರ ಬಾಯಿಂದ ಕೇಳಿರಬಹುದು. ಕಡಲೆಯ ಗಿಡದ ಮೈಮೇಲಿನ ಸಣ್ಣ ರೋಮಗಳು ಹುಳಿಯ ರಸವನ್ನು ಒಸರುವವು. ಸಂಜೆಗೆ ಒಗೆದ ಬಿಳಿಯ ಪಂಜೆಯೊಂದನ್ನು ಬೆಳೆಯ ಮೇಲೆ ಹಾಸಿಟ್ಟರೆ, ರಾತ್ರಿಯ ಇಬ್ಬನಿಯು ಆ ರಸವನ್ನು ಕರಗಿಸಿ ಬಟ್ಟೆಗೆ ಕೊಡುವದು. ಬೆಳಗಿಗೆ ಹಿಂಡಿ ಸೀಸೆಯಲ್ಲಿ ತುಂಬಿಡುವರು. ಆಯುರ್ವೇದದಲ್ಲಿ ಇದನ್ನು ಚಣಕಾಮ್ಲವೆನ್ನುವರು. ಅಜೀರ್ಣಕ್ಕೆ, ಹೊಟ್ಟೆಶೂಲೆಗೆ ಮನೆಯಲ್ಲಿ ಕೆಲವು ಹನಿಗಳನ್ನು ನೀರಿನಲ್ಲಿ ಬೆರೆಸಿ ಕೊಡುವ ರೂಢಿಯಿತ್ತು. ಇದರಲ್ಲಿ ಮ್ಯಾಲಿಕ್ ಆಮ್ಲದೊಡನೆ ಆಕ್ಸಾಲಿಕ್ ಆಮ್ಲವೂ ಇರುವದರಿಂದ ಮೂತ್ರದಲ್ಲಿ ಹರಳಿನ ಉಪದ್ರವವುಳ್ಳವರು ಇದರ ಗೊಡವೆಗೆ ಹೋಗಬಾರದು. ಕೊಡ ಹಿಡಿದು ತರಲಾಗದ ನೀರನ್ನು ಒಂದು ಪಂಜೆಯಿಂದ ಹಿಡಿದು ಔಷಧವನ್ನಾಗಿ ಮಾಡಿದ ನಮ್ಮ ಹಿರಿಯರ ಜಾಣ್ಮೆಯು ಮೆಚ್ಚತಕ್ಕದ್ದು.

ಗುಡ್ಡದ ಬುಡವನ್ನು ಮುಟ್ಟಿದಾಗ ಇನ್ನೂ ಮಸುಕಿತ್ತು. ಏರುವ ಹಾದಿಯ ಎರಡೂ ಕಡೆಗೆ ಸೊಂಟದೆತ್ತರದ ಹುಲ್ಲು. ಪ್ರತಿಯೊಂದು ಗರಿಯ ತುದಿಯಲ್ಲಿಯೂ ಹನಿ; ಜೇಡರ ಬಲೆಗಳೆಲ್ಲ ಮುತ್ತಿನ ಜಾಳಿಗೆಗಳಾಗಿದ್ದವು. ಹತ್ತು ಮಾರು ನಡೆಯುವಷ್ಟರಲ್ಲಿ ಮೊಣಕಾಲವರೆಗಿನ ಧೋತರವು ಕೆರೆಯಲ್ಲಿ ಅದ್ದಿದಂತೆ ತೊಯ್ದುಹೋಯಿತು. ಕೈಬೆರಳುಗಳು ಸೆಟೆದುಕೊಂಡವು; ಬಾಯಿಯಿಂದ ಹೊರಟ ಉಸಿರು ಹೊಗೆಯಂತೆ ಕಂಡಿತು. ಆದರೆ ಏರಿದಷ್ಟೂ ಚಳಿಯು ಹೆಚ್ಚುವದೆಂದು ತಿಳಿದಿದ್ದ ನಮ್ಮ ಕಿರಿಯ ಸಂಗಡಿಗರು ಅರ್ಧ ಗುಡ್ಡವನ್ನೇರಿದ ಮೇಲೆ ಕಂಬಳಿಯನ್ನು ತೆಗೆದು ಮಡಿಸಿದರು. ನಡಿಗೆಯ ಬಿಸಿಯೊಂದೇ ಅದರ ಕಾರಣವಲ್ಲ. ಗಾಳಿ ಬೀಸದ, ಮೋಡವಿಲ್ಲದ ರಾತ್ರಿಯಲ್ಲಿ ನೆಲವು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗುವದು. ಅದಕ್ಕೆ ತಾಕಿದ ಗಾಳಿಯೂ ತಣ್ಣಗಾಗಿ ಭಾರವಾಗಿ ನೀರಿನಂತೆ ಇಳಿಜಾರನ್ನು ಹಿಡಿದು ತಗ್ಗಿನಲ್ಲಿ ನಿಲ್ಲುವದು. ಹೀಗಾಗಿ ಮಾಗಿಯ ಬೆಳಗಿನಲ್ಲಿ ಗುಡ್ಡದ ಮೇಲಿಗಿಂತ ಬುಡದಲ್ಲಿಯೇ ಚಳಿಯು ಹೆಚ್ಚಾಗಿರುವದುಂಟು.

ಈ ನಿಯಮದ ಫಲವನ್ನು ಮೇಲೇರಿದ ಮೇಲೆ ಕಣ್ಣಾರೆ ಕಂಡೆವು. ಸೂರ್ಯೋದಯವು ಏಳು ಗಂಟೆಗೆ ತುಸು ಮೊದಲು. ಪೂರ್ವದಿಕ್ಕಿನಲ್ಲಿ ಡಂಬಳ, ಮುಂಡರಗಿಗಳ ಬಯಲು, ದಕ್ಷಿಣಕ್ಕೆ ತುಂಗಭದ್ರೆಯ ಕಡೆಗಿನ ತಗ್ಗು, ಎಲ್ಲವೂ ಬೆಳ್ಳಗೆ ಮುಚ್ಚಿದ್ದವು. ಊರಿಲ್ಲ, ಕೆರೆಯಿಲ್ಲ, ಹೊಲದ ಗೆರೆಯಿಲ್ಲ. ಅಲ್ಲೊಂದು ಇಲ್ಲೊಂದು ಮರಡಿಯ ನೆತ್ತಿಯು ಮಾತ್ರ ನಡುಗಡ್ಡೆಯಂತೆ ಎದ್ದು ಕಾಣುತ್ತಿತ್ತು. ತಗ್ಗಿನಲ್ಲಿ ನಿಂತ ತಣ್ಣನೆಯ ಗಾಳಿಯಲ್ಲಿ ಹಸಿಯು ಕಣಕಣವಾಗಿ ಮಂಜುಗಟ್ಟಿ ಬಯಲಿನ ಮೇಲೆಲ್ಲ ಹಾಸಿಕೊಂಡಿತ್ತು. ಬಿಸಿಲಿನ ಮೊದಲ ಎಳೆಯು ಬಿದ್ದಾಗ ಆ ಬಿಳುಪು ಒಮ್ಮೆ ಕೆಂಪಾಗಿ, ಮತ್ತೊಮ್ಮೆ ಹೊನ್ನಾಗಿ, ಕಣ್ಣು ಕುಕ್ಕುವಂತಾಯಿತು. ನಮ್ಮೊಡನೆ ಬಂದ ಹುಡುಗನೊಬ್ಬನು, ‘ಅಜ್ಜಾ, ಹಿಮಾ ಬಿದ್ದಂಗ ಕಾಣ್ತದ ನೋಡ್ರಿ’ ಎಂದನು. ಅಮರಸಿಂಹನ ಕೋಶವನ್ನೋದದ ಬಾಲಕನು ಅವನ ಅಭಿಪ್ರಾಯಕ್ಕೇ ಬಂದನಲ್ಲವೇ ಎಂದು ನಮಗೆ ಸಂತೋಷವಾಯಿತು. ಒಂಬತ್ತು ಗಂಟೆಯ ಹೊತ್ತಿಗೆ ಆ ಹಾಸು ಹರಿದು ತುಣುಕು ತುಣುಕಾಗಿ ಕರಗಿತು. ಅಡಿಯಿಂದ ಕರಿಯ ಹೊಲಗಳು ಒಂದೊಂದಾಗಿ ಹೊರಬಂದವು.

ಕಪ್ಪತಗುಡ್ಡಕ್ಕೂ ಹಿಮಾಲಯಕ್ಕೂ ಇನ್ನೊಂದು ನಂಟನ್ನು ನಮ್ಮ ಜನರು ಕಟ್ಟಿರುವರು. ಹನುಮಂತನು ಲಕ್ಷ್ಮಣನಿಗಾಗಿ ಸಂಜೀವಿನಿಯ ಪರ್ವತವನ್ನು ಹೊತ್ತು ಬರುವಾಗ ಅದರ ಚೂರೊಂದು ಇಲ್ಲಿ ಬಿದ್ದಿತೆಂದು ಅವರ ನಂಬಿಗೆ. ಕಥೆಯು ಹೇಗೇ ಇರಲಿ, ಗುಡ್ಡದ ಮೇಲೆ ಮೂಲಿಕೆಗಳಿರುವದು ನಿಜ. ಬಹುಕಾಲದಿಂದಲೂ ನಾಟಿವೈದ್ಯರು ಬೇರು, ತೊಗಟೆ, ಎಲೆಗಳಿಗಾಗಿ ಇಲ್ಲಿಗೆ ಬರುತ್ತಿರುವರು. ಮೇಲೆ ಕಪ್ಪತ ಮಲ್ಲಯ್ಯನ ಗುಡಿಯುಂಟು. ಡೋಣಿಯ ಬಳಿ ನಂದಿವೇರಿ ಮಠವಿದೆ. ಕತ್ತೆಕಿರುಬ, ತೋಳ, ಚಿರತೆ, ನರಿಗಳಿಗೂ, ನಾಲ್ಕು ಕೊಂಬಿನ ಹುಲ್ಲೆಗೂ ಈ ಹುಲ್ಲುಗಾಡೇ ಮನೆ. ಬೆಟ್ಟದ ಸಾಲಿನ ಕೆಲವು ಏಣುಗಳ ಮೇಲೆ ಈಗ ಗಾಳಿಯ ಗಿರಣಿಗಳು ನಿಂತು ವಿದ್ಯುತ್ತನ್ನು ಮಾಡುತ್ತಿವೆ. ಕೆಳಗಿನ ಡಂಬಳದಲ್ಲಿ ದೊಡ್ಡಬಸಪ್ಪನ ನಕ್ಷತ್ರಾಕಾರದ ಗುಡಿಯುಂಟು. ಅಲ್ಲಿ ಬುದ್ಧನಿಗೂ ತಾರಾದೇವಿಗೂ ವಿಹಾರಗಳಿದ್ದುವೆಂದು ೧೦೯೫ರ ಶಿಲಾಶಾಸನದಿಂದ ತಿಳಿಯುವದು. ಆ ವಿಹಾರದ ಭಿಕ್ಷುಗಳೂ ಇದೇ ಮಂಜನ್ನು ನೋಡಿರಬೇಕು.

ಇಳಿದು ಬರುವಾಗ ಬುಡದಲ್ಲಿ ಕುರಿ ಕಾಯುವ ಮುದುಕನೊಬ್ಬನು ಸಿಕ್ಕನು. ಗುಡ್ಡದ ಒಂದು ಮಗ್ಗುಲು ಬೋಳುಬೋಳಾಗಿ ಕಾಣುತ್ತಿದ್ದುದನ್ನು ತೋರಿಸಿ ನಾವು, ‘ಕಾಕಾ, ಆ ಕಡೆ ಹುಲ್ಲು ಯಾಕ ಹಿಂಗ ತೆಳ್ಳಗಾಗೇದ?’ ಎಂದು ಕೇಳಿದೆವು.

‘ಅಲ್ಲಿ ಎರಡ್ಮೂರು ಬ್ಯಾಸಿಗಿ ಬೆನ್ನಬೆನ್ನಿಗೆ ಉರಿ ಬಿತ್ರೀ ಯಜಮಾನ್ರ. ಯಾರು ಹಚ್ಚಿದ್ರೋ, ಬೀಡಿ ಸೇದಿ ಒಗದ್ರೋ, ಆ ಮಲ್ಲಯ್ಯಗ ಗೊತ್ತು.’

‘ಸುಟ್ಟರ ಹೊಸಾ ಹುಲ್ಲು ಚಲೋ ಬರ್ತದ ಅಂತಾರಲ್ಲಾ?’

‘ಒಂದ್ ಸಲಾ ಬರ್ತೈತ್ರೀ. ವರ್ಷಾ ಸುಟ್ರ ಬೇರ ಸಾಯ್ತೈತಿ, ಮಳಿ ಬಂದಾಗ ಮಣ್ಣ ಕೊಚ್ಚಿ ಹೊಕ್ಕೈತಿ. ಬೋಳ ನೆಲದ ಮ್ಯಾಲ ಇಬ್ಬನಿನೂ ನಿಲ್ಲೂದಿಲ್ರೀ.’

ಶಾಲೆಯ ಮೆಟ್ಟಿಲನ್ನೇ ಏರದ ಆ ಮುದುಕನ ಕೊನೆಯ ಮಾತು ಶಾಸ್ತ್ರಕ್ಕೆ ಸರಿಯಾಗಿಯೇ ಇದೆ. ಹುಲ್ಲಿನ ಗರಿಯು ತೆಳುವಾದದ್ದು. ನೆಲದ ಬಿಸಿಯು ಅದಕ್ಕೆ ಸುಲಭವಾಗಿ ತಲುಪಲಾರದು. ಆದುದರಿಂದ ರಾತ್ರಿಯಲ್ಲಿ ಅದು ಬೇಗನೆ ತಣ್ಣಗಾಗಿ ಗಾಳಿಯೊಳಗಿನ ಹಸಿಯನ್ನು ತನ್ನ ಮೇಲೆ ಹನಿಯಾಗಿ ಇಳಿಸಿಕೊಳ್ಳುವದು. ಬೋಳು ಕಲ್ಲುನೆಲವಾದರೋ ಹಗಲಿನ ಶಾಖವನ್ನು ಒಡಲಲ್ಲಿಟ್ಟುಕೊಂಡು ಬೆಳಗಿನವರೆಗೂ ಬೆಚ್ಚಗಿರುವದು; ಅದರ ಮೇಲೆ ಹನಿಯು ಕೂಡ್ರುವದು ಕಡಿಮೆ. ಹುಲ್ಲಿನ ಬೇರು ಮಣ್ಣನ್ನು ಹಿಡಿಯುವದು, ಮಣ್ಣು ಮಳೆಯನ್ನು ಹೀರುವದು, ಹೀರಿದ ನೀರು ಮೆಲ್ಲಗೆ ಇಳಿದು ಕೆಳಗಿನ ಊರುಗಳ ಹಳ್ಳಕ್ಕೂ ಬಾವಿಗೂ ಸೇರುವದು. ಹಿಮಾಲಯದ ಹಿಮಾನಿಯು ಚೈತ್ರ ವೈಶಾಖಗಳಲ್ಲಿ ಕರಗಿ ಗಂಗೆಗೆ ಮಾಡುವ ಉಪಕಾರವನ್ನು, ಮಳೆ ಕಡಿಮೆಯಾದ ಈ ಸೀಮೆಯಲ್ಲಿ, ಸಣ್ಣ ಪ್ರಮಾಣದಲ್ಲಿ, ಕಪ್ಪತಗುಡ್ಡದ ಹುಲ್ಲು ಮಾಡುತ್ತಿದೆ.

ಈ ಗುಡ್ಡವು ಉಳಿದು ಬಂದದ್ದು ತಾನಾಗಿಯೇ ಅಲ್ಲ. ಇದರ ಹೊಟ್ಟೆಯಲ್ಲಿ ಕಬ್ಬಿಣದ ಅದಿರು, ಚಿನ್ನಗಳಿರುವದರಿಂದ ಗಣಿಗಾರಿಕೆಯ ಕಣ್ಣು ಇದರ ಮೇಲೆ ಬಹುಕಾಲದಿಂದ ಬಿದ್ದಿದೆ. ೨೦೧೫ರಲ್ಲಿ ಸರಕಾರವು ಇದನ್ನು ಸಂರಕ್ಷಿತ ಪ್ರದೇಶವೆಂದು ಸಾರಿತು. ೨೦೧೬ರಲ್ಲಿ ಆ ಆಜ್ಞೆಯನ್ನು ಹಿಂತೆಗೆದುಕೊಂಡಿತು. ಆಗ ಗದುಗಿನ ತೋಂಟದಾರ್ಯಮಠದ ಸಿದ್ಧಲಿಂಗ ಸ್ವಾಮಿಗಳ ಮುಂದಾಳುತನದಲ್ಲಿ ಜನರು ೨೦೧೭ರ ಫೆಬ್ರುವರಿಯಲ್ಲಿ ಗದುಗಿನಲ್ಲಿ ಹಗಲಿರುಳು ಧರಣಿ ಕುಳಿತರು. ಅದೇ ವರ್ಷದ ಏಪ್ರಿಲಿನಲ್ಲಿ ಮೊದಲಿನ ಆಜ್ಞೆಯು ಮರಳಿ ಬಂದಿತು. ೨೦೧೮ರಲ್ಲಿ ಸ್ವಾಮಿಗಳು ಲಿಂಗೈಕ್ಯರಾದರು. ಮರುವರ್ಷ, ೨೦೧೯ರಲ್ಲಿ, ಸುಮಾರು ೨೪೪ ಚದರ ಕಿಲೋಮೀಟರು ಗುಡ್ಡವು ವನ್ಯಜೀವಿಧಾಮವಾಯಿತು. ಮಂಜು, ಮೂಲಿಕೆ, ಹುಲ್ಲೆಗಳಿಗೆ ಧರಣಿ ಕೂಡ್ರಲು ಬರುವದಿಲ್ಲ. ಅವುಗಳ ಪರವಾಗಿ ಮನುಷ್ಯರೇ ಕೂಡ್ರಬೇಕಾಗುವದು.

ಕಾಯ್ದೆಯು ಗುದ್ದಲಿಯನ್ನು ತಡೆಯಬಹುದು. ಒಂದು ಬೀಡಿಯ ತುಂಡನ್ನು ತಡೆಯಲಾರದು. ಮಾಘಮಾಸವು ಕಳೆಯುವಷ್ಟರಲ್ಲಿ ಈಗ ತೊಯ್ದು ನಿಂತಿರುವ ಹುಲ್ಲೆಲ್ಲ ಒಣಗಿ ಗರಗರನೆ ಸದ್ದುಮಾಡತೊಡಗುವದು. ಆಗ ಬಿದ್ದ ಕಿಡಿಯು ಗಾಳಿಯ ಬೆನ್ನೇರಿ ಒಂದು ಗುಡ್ಡದಿಂದ ಇನ್ನೊಂದಕ್ಕೆ ಜಿಗಿಯುವದು. ಅರಣ್ಯದವರು ಹುಲ್ಲನ್ನು ಕೊಯ್ದು ಬೆಂಕಿರೇಖೆಗಳನ್ನು ಮಾಡುವರು, ಕಾವಲಿಡುವರು. ಆದರೆ ಅಷ್ಟು ದೊಡ್ಡ ಗುಡ್ಡಕ್ಕೆ ಕೆಲವೇ ಕಾವಲುಗಾರರು ಎಲ್ಲಿ ಸಾಲುವರು?

ಆದುದರಿಂದ ವಾಚಕರಲ್ಲಿ ನಮ್ಮ ವಿನಂತಿಯಿಷ್ಟೇ. ಬರುವ ಹೇಮಂತದಲ್ಲಿ ಒಂದು ದಿನ ಮಕ್ಕಳನ್ನು ಕರೆದುಕೊಂಡು, ಅರಣ್ಯದವರ ಅಪ್ಪಣೆಯನ್ನು ಪಡೆದು, ಸೂರ್ಯನು ಮೂಡುವ ಮೊದಲೇ ಕಪ್ಪತಗುಡ್ಡಕ್ಕೆ ಹೋಗಿರಿ. ಬೆಂಕಿಪೆಟ್ಟಿಗೆಯನ್ನು ಮನೆಯಲ್ಲಿಯೇ ಬಿಡಿರಿ. ಮನೆಯ ಬುತ್ತಿಯಿರುವಾಗ ಅಲ್ಲಿ ಒಲೆ ಹೂಡಬೇಕಾದ ಕಾರಣವಿಲ್ಲ. ಗುರುತು ತಿಳಿಯದ ಗಿಡವನ್ನು ಔಷಧಿಯೆಂದು ಕೀಳಬೇಡಿರಿ. ತಂದ ಪ್ಲಾಸ್ಟಿಕ್ಕಿನ ಚೀಲ, ಸೀಸೆಗಳನ್ನು ತಿರುಗಿ ತನ್ನಿರಿ. ಮಕ್ಕಳು ಹುಲ್ಲಿನಲ್ಲಿ ಕಾಲು ತೊಯ್ಸಿಕೊಳ್ಳಲಿ, ಬಯಲಿನ ಮೇಲಿನ ಬಿಳುಪನ್ನು ನೋಡಲಿ. ಹಿಮವೆಂದರೇನೆಂದು ಆಮೇಲೆ ಶಾಲೆಯಲ್ಲಿ ಯಾರಾದರೂ ಕೇಳಿದರೆ ಅವರು ಅರಳೆಯನ್ನೂ ಉಪ್ಪನ್ನೂ ಹುಡುಕಲಾರರು. ತಮ್ಮ ಗುಡ್ಡವನ್ನೇ ಹೇಳುವರು. ಹಾಗೆ ಹೇಳಿದ ಮಗುವು ದೊಡ್ಡವನಾದ ಮೇಲೆ ಅದೇ ಗುಡ್ಡಕ್ಕೆ ಬೆಂಕಿ ಬಿದ್ದಿತೆಂದು ಕೇಳಿ ಸುಮ್ಮನೆ ಕುಳಿತಿರಲಾರನೆಂದು ನಮ್ಮ ನಂಬಿಗೆ.